ಮೊಣಕಾಲು ಹಿಡಿಯುವ ಬಟ್ಟೆ

"ಇದು ಮೊಣಕಾಲನ್ನ ಹಿಡ್ಕೊಳ್ಳುತ್ತೋ, ಮೊಣಕಾಲು ಇದನ್ನ ಹಿಡ್ಕೊಳ್ಬೇಕೋ?"

ಅಮು ನೊಸ್ರತ್ ಇದನ್ನು ನನ್ನನ್ನೇನೂ ಕೇಳಿರಲಿಲ್ಲ. ಕಿಟಕಿಯ ಬೆಳಕಿಗೆ ಆ ಕಪ್ಪು ಲೆಗ್ಗಿಂಗ್ಸನ್ನು ಎತ್ತಿ ಹಿಡಿದು, ಎಳೆದು, ಬಿಟ್ಟು, ಮತ್ತೆ ಎಳೆದು, ತಮ್ಮಷ್ಟಕ್ಕೆ ಕೇಳಿಕೊಂಡಿದ್ದರು. ನಾನು ಚಹಾದ ನೀರು ಕಾಯುವ ಸಮಾವರಿನ ಪಕ್ಕ ಕೂತು ಕೇಳಿಸಿಕೊಂಡೆ. ನನಗೆ ಮೊದಲಿನಿಂದಲೂ ಮಾತಿಗಿಂತ ಕೇಳುವುದೇ ಹೆಚ್ಚು ಅಭ್ಯಾಸ.

ಅವರು ನನ್ನ ತಂದೆಯ ಅಣ್ಣ. ಆದರೆ ಇರಾನಿನ ಬೆಟ್ಟದ ನಮ್ಮೂರು ಶೆಮ್ಶಕ್‌ನಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವರು ಅಮು, ಅಂದರೆ ದೊಡ್ಡಪ್ಪ. ಲೆಗ್ಗಿಂಗ್ಸ್ ತಂದುಕೊಟ್ಟವಳು ನನ್ನ ಮಗಳು ತರ್ಲಾನ್. ಅವಳು ಹುಡುಗಿಯರಿಗೆ ಸ್ಕೀ ಕಲಿಸುತ್ತಾಳೆ. ಸೊಂಟದಿಂದ ಕಾಲ್ಬೆರಳವರೆಗೆ ಒಂದೇ ಬಟ್ಟೆ, ಮೈಗೆ ಅಂಟಿಕೊಂಡಂತೆ ಬಿಗಿ. ಮೊಣಕಾಲಿನ ಎರಡೂ ಪಕ್ಕದಲ್ಲಿ ದಪ್ಪನೆಯ ಪಟ್ಟಿಗಳು ಹಾವಿನ ಹಾಗೆ ಸುತ್ತಿಕೊಂಡು ಚಿಪ್ಪನ್ನು ನಡುವೆ ಹಿಡಿಯುತ್ತವೆ.

"ಸನೊಬರ್, ಆ ಲಟ್ಟಣಿಗೆ ಕೊಡು," ಅಂದರು ಅಮು.

ಕೊಟ್ಟೆ. ಅದನ್ನು ಲೆಗ್ಗಿಂಗ್ಸಿನ ಒಂದು ಕಾಲಿಗೆ ತೂರಿಸಿ ಅತ್ತಿತ್ತ ತಿರುಗಿಸಿದರು. ಪಟ್ಟಿಗಳು ಲಟ್ಟಣಿಗೆಯನ್ನು ಮತ್ತೆ ನೇರಕ್ಕೆ ತಂದವು. ಅಮುವಿನ ಹುಬ್ಬು ಮೇಲೇರಿತು. "ನೋಡಿದ್ಯಾ? ಓರೆಯಾಗೋಕೇ ಬಿಡಲ್ಲ. ಯಾರೋ ಬುದ್ಧಿವಂತರ ಕೆಲಸ ಇದು."

ಅವರಿಗೆ ಅದು ಬೇಕಾಗಿತ್ತು. ದೊಡ್ಡ ಹಿಮ ಬಿದ್ದ ಮೇಲೆ ನಮ್ಮೂರ ಮೇಲಿನ ಕಡಿದಾದ ಇಳಿಜಾರಿನಲ್ಲಿ ಸ್ಕೀಯಲ್ಲಿ ಇಳಿದು ಮೊದಲ ಗೆರೆ ಎಳೆಯುವುದು ಸ್ಕೀಗಾರರಲ್ಲಿ ಹಿರಿಯರು. ಶಿಖರದಲ್ಲಿ ನಡುಹಗಲಿನ ನಮಾಜು ಮುಗಿಸಿ ಅವರು ಒಬ್ಬರೇ ಇಳಿಯುತ್ತಾರೆ. ಅವರ ಗೆರೆ ತಳ ಮುಟ್ಟುವವರೆಗೆ ಬೇರೆ ಯಾರೂ ಆ ಹಿಮಕ್ಕೆ ಕಾಲಿಡುವುದಿಲ್ಲ. ಒಂದು ಚಳಿಗಾಲ ಅವರು ಬಿದ್ದರೆ ಊರು ಸುಮ್ಮನಿರುತ್ತದೆ. ಮರುವರ್ಷವೂ ಬಿದ್ದರೆ ಗೆರೆ ಮುಂದಿನವರ ಪಾಲು, ಮತ್ತೆ ತಿರುಗಿ ಬರುವುದಿಲ್ಲ. ಕಳೆದ ಚಳಿಗಾಲ ಇಳಿಜಾರಿನ ನಡುವೆ ಅಮುವಿನ ಎಡಮೊಣಕಾಲು ಕೈಕೊಟ್ಟು ಅವರು ಬಿದ್ದಿದ್ದರು. ಮುಂದಿನವರು ಮಶ್ ಶಾಬಾನ್. ಹರೆಯದಿಂದ ಇವತ್ತಿನವರೆಗೆ ಅಮುವಿನ ಹಿಂದೆ ಎರಡನೆಯ ಗೆರೆ ಎಳೆದವರು.

ನಾನು ಬೆಳೆದದ್ದು ಕೊರ್ಸಿಯ, ಅಂದರೆ ಅಡಿಯಲ್ಲಿ ಕೆಂಡವಿಟ್ಟ ಗಿಡ್ಡ ಮೇಜಿನ, ರಜಾಯಿಯೊಳಗೆ ಕಾಲು ಚಾಚಿಕೊಂಡು, ಅಜ್ಜ ಹೇಳುತ್ತಿದ್ದ ಪದ್ಯ ಕೇಳುತ್ತ. ಒಂದೊಂದು ಸಾಲಿಗೂ ಎರಡು ಅರ್ಧ. ಮೊದಲನೆಯದು ಎಷ್ಟು ಏರಿತೋ ಎರಡನೆಯದು ಅಷ್ಟೇ ಇಳಿಯಬೇಕು. ಅಜ್ಜ ಎಲ್ಲಾದರೂ ತಪ್ಪಿದರೆ ಅರ್ಥ ಗೊತ್ತಿಲ್ಲದ ನನ್ನ ಕಿವಿಗೂ ಗೊತ್ತಾಗುತ್ತಿತ್ತು. ಅಮು ಹಿಮದಲ್ಲಿ ಇಳಿಯುವ ಸದ್ದೂ ಹಾಗೆಯೇ ಇತ್ತು: ಬಲಕ್ಕೆ ಒಂದು ಉಸಿರು, ಎಡಕ್ಕೆ ಅಷ್ಟೇ ಉದ್ದದ ಇನ್ನೊಂದು. ಕಳೆದ ವರ್ಷ ಬೀಳುವ ಮೊದಲೇ ಒಂದು ಪಕ್ಕ ಗಿಡ್ಡವಾದದ್ದು ನನಗೆ ಕೇಳಿಸಿತ್ತು. ಯಾರಿಗೂ ಹೇಳಲಿಲ್ಲ. ಹೇಳಿ ಆಗುವುದೇನು?

ಲೆಗ್ಗಿಂಗ್ಸ್ ಬಂದ ಮೇಲೆ ಅಂಗಳದ ಹಿಮದಲ್ಲಿ, ಹಿತ್ತಿಲ ಏರಿನಲ್ಲಿ, ಅಮು ದಿನವೂ ಅಭ್ಯಾಸ ಮಾಡಿದರು. ನಾನು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಕೇಳಿದೆ. ಎರಡು ಅರ್ಧವೂ ಸಮ. ಅಲ್ಹಮ್ದುಲಿಲ್ಲಾ ಅಂದುಕೊಂಡೆ.

ಗುರುವಾರವೆಲ್ಲ ಹಿಮ ಸುರಿಯಿತು. ಶುಕ್ರವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅಮುವಿನ ಮನೆಗೆ ಹೋದಾಗ ಚಹಾದ ಕೆಟಲಿನ ಮೇಲೆ ಕಪ್ಪಗೆ ಏನೋ ಟೋಪಿಯ ಹಾಗೆ ಕೂತಿತ್ತು.

"ಬಿಸಿ ಚೆನ್ನಾಗಿ ನಿಲ್ಲುತ್ತೆ," ಅಂದರು ಅಮು. ಹಳೆಯ ಕಾಲುಚೀಲ ಇರಬೇಕೆಂದುಕೊಂಡು ಚಹಾ ಕುಡಿದು ಎದ್ದೆ.

ಮೇಲೆ ಶಿಖರದಲ್ಲಿ, ಸ್ಕೀಗಾರರನ್ನು ಹತ್ತಿಸುವ ಲಿಫ್ಟಿನ ಕೋಣೆಯ ಮರೆಯಲ್ಲಿ ಊರೇ ನಿಂತಿತ್ತು. ಮಶ್ ಶಾಬಾನ್ ಸೂರ್ಯಕಾಂತಿ ಬೀಜ ಕಡಿಯುತ್ತ ಅಮುವನ್ನು ಮೇಲಿಂದ ಕೆಳಗೆ ನೋಡಿದರು.

"ಏನಪ್ಪಾ ನೊಸ್ರತ್, ಹೆಂಗಸರ ಕಾಲುಚೀಲ ಹಾಕ್ಕೊಂಡು ಬಂದಿದೀಯಂತೆ? ಬಳೆ ಎಲ್ಲಿ?"

"ನಿನ್ನ ಹೆಂಡತಿ ಹತ್ರ ಕೇಳ್ದೆ. ನೀನೇ ತೊಟ್ಕೊಂಡು ಹೋದೆ ಅಂದ್ಳು."

ಜನ ನಕ್ಕರು. ಮಶ್ ಶಾಬಾನ್ ಸಿಪ್ಪೆ ಉಗುಳಿ, "ಕಾಲು ಬಂದಿದ್ಯೋ ಇಲ್ವೋ ನೋಡ್ಕೋ. ಬಾಯಂತೂ ಬಂದಿದೆ," ಅಂದರು.

ಅಮು ಫ್ಲಾಸ್ಕಿನ ಬೆಚ್ಚಗಿನ ನೀರಿನಲ್ಲಿ ನಮಾಜಿಗೆ ಮುಂಚಿನ ಶುದ್ಧಿ, ವುಜೂ, ಮಾಡಿದರು. ಮುಖ, ಕೈ, ನೆತ್ತಿ. ಆಮೇಲೆ ಬೂಟು ಕಳಚಿ, ಉಣ್ಣೆಯ ಚೀಲ ಕಳಚಿ, ಬರಿಯ ಪಾದದ ಮೇಲೆ ಒದ್ದೆ ಬೆರಳು ಎಳೆದುಕೊಂಡರು. ಆ ಬಿಳಿಯ ಮುದಿ ಪಾದ ನೋಡುತ್ತ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ಹೊಳೆಯಲಿಲ್ಲ.

ನಮಾಜು ಮುಗಿಯಿತು. ಅಮು ಸ್ಕೀ ತೊಟ್ಟು ಸಮತಟ್ಟಿನಲ್ಲಿ ಮೈ ಬಿಸಿಮಾಡಿಕೊಳ್ಳಲು ಎರಡು ಸಲ ತಿರುಗಿದರು. ಬಲಕ್ಕೆ ಉದ್ದ. ಎಡಕ್ಕೆ ಗಿಡ್ಡ.

"ಅಮು ಜಾನ್, ನಿಲ್ಲಿ," ಅಂತ ಕೂಗಿದೆ. ಅಷ್ಟು ಜನರ ನಡುವೆ ನನ್ನ ಗಂಟಲು ಅಷ್ಟು ದೊಡ್ಡದಾದದ್ದು ಅದೇ ಮೊದಲು.

ಅವರು ಆಗಲೇ ನಿಂತಿದ್ದರು. ಪ್ಯಾಂಟಿನ ಪಕ್ಕದ ಜಿಪ್ ಎಳೆದು ಒಳಗೆ ಕೈಯಾಡಿಸಿದರು. "ಇದೇನಿದು, ಮೇಲೆ ಹತ್ತಿಬಿಟ್ಟಿದೆ?"

ತರ್ಲಾನ್ ಓಡಿಬಂದು ಬಗ್ಗಿ ನೋಡಿದಳು. ಪಟ್ಟಿಗಳು ಮೊಣಕಾಲು ಬಿಟ್ಟು ತೊಡೆಗೆ ಸರಿದಿದ್ದವು. ಚಿಪ್ಪಿನ ಸುತ್ತ ಸುಕ್ಕು ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. "ಅಮು, ಇದರ ಪಾದ ಎಲ್ಲಿ?"

ಅಮು ತಮ್ಮ ಬೂಟಿನ ಕಡೆ ನೋಡಿದರು. ನನ್ನ ಬಾಯಿಂದ ತಾನಾಗಿ ಬಂತು: "ಕೆಟಲಿನ ಮೇಲಿದೆ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತರ್ಲಾನ್ ನಗಲಿಲ್ಲ. "ಕತ್ತರಿಸಿದ್ರಾ? ಯಾಕೆ?"

"ವುಜೂಗೆ ಪಾದ ಬರಿದಾಗಿರಬೇಕಲ್ಲ ಮಗಳೇ. ಈ ಚಳೀಲಿ ಸೊಂಟದಿಂದ ಬಿಚ್ಚಿ ಮತ್ತೆ ಏರಿಸೋದು ಅಂದ್ರೆ ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಾಗುತ್ತೆ. ನಿನ್ನೆ ಕತ್ತರಿ ಹಾಕಿದೆ."

"ಮನೇಲೇ ವುಜೂ ಮಾಡ್ಕೊಂಡು ಬರಬಹುದಿತ್ತು."

"ನನ್ನ ವಯಸ್ಸಿಗೆ ಬಂದು ನೋಡು, ವುಜೂ ಎಷ್ಟು ಹೊತ್ತು ನಿಲ್ಲುತ್ತೆ ಅಂತ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿಯುತ್ತಿದ್ದರು. ಅಮು ಮಾತ್ರ ಬಟ್ಟೆಯನ್ನು ಕೆಳಗೆ ಎಳೆದರು, ಕಾಲು ಮಡಚಿದರು, ಅದು ಮತ್ತೆ ಮೇಲೆ ಜಾರುವುದನ್ನು ಕಣ್ಣಗಲಿಸಿ ನೋಡಿದರು. ಇನ್ನೊಮ್ಮೆ ಎಳೆದರು, ಮಡಚಿದರು. ತರ್ಲಾನ್ ತನ್ನ ಮಫ್ಲರನ್ನು ಮೀನಖಂಡಕ್ಕೆ ಬಿಗಿದಳು. ಅದೂ ಜಾರಿತು.

"ಓಹೋ," ಅಂದರು ಅಮು, ಮುಖ ಅರಳಿಸಿಕೊಂಡು. "ಹಿಡ್ಕೊಂಡಿದ್ದು ಮೊಣಕಾಲ ಹತ್ರ ಅಲ್ಲ ಕಣ್ರೋ. ಹಿಮ್ಮಡಿ ಹತ್ರ. ಗುಡಾರದ ಗೂಟ ಕಿತ್ತು, ಗುಡಾರ ಯಾಕೆ ಹಾರ್ತಿದೆ ಅಂತ ಕೇಳ್ದಂಗಾಯ್ತು ನಾನು." ಒಂದು ಗಳಿಗೆ ಯೋಚಿಸಿದರು. "ಪೂರ್ತಿ ಪಾದ ಬೇಕಾಗೇ ಇರ್ಲಿಲ್ಲ. ಅಂಗಾಲಿನ ಕೆಳಗೆ ಒಂದು ಪಟ್ಟಿ ಹಾದುಹೋದ್ರೆ ಸಾಕು. ಮೇಲೆಲ್ಲ ಬರಿದು. ನಮಾಜಿಗೂ ಆಯ್ತು, ಮೊಣಕಾಲಿಗೂ ಆಯ್ತು. ಸನೊಬರ್, ನೀನು ಹೊಲೀತೀಯಲ್ಲ?"

"ಹೊಲೀತೀನಿ. ಸೂಜಿ ದಾರ ಎಲ್ಲ ಕೆಳಗಿದೆ ಅಮು."

ಎಲ್ಲರೂ ಇಳಿಜಾರಿನ ಕಡೆ ನೋಡಿದರು. ಬಿಸಿಲಿಗೆ ಹಿಮದ ಹೊಳಪು ಬದಲಾಗುತ್ತಿತ್ತು. ಅಮು ಕೋಲಿನ ಮೇಲೆ ಭಾರ ಬಿಟ್ಟು ನಿಂತರು. ಮುಖದಲ್ಲಿದ್ದ ಕುತೂಹಲ ನಿಧಾನವಾಗಿ ಇಳಿಯಿತು. ಗೂಟವಿಲ್ಲದ ಆ ಕಾಲಿನಲ್ಲಿ ಹೊರಟರೆ ಬೀಳುವುದು ಖಂಡಿತ. ಬಿದ್ದರೆ ಎರಡನೆಯ ವರ್ಷ.

"ಶಾಬಾನ್," ಅಂದರು. ದನಿ ಮೆತ್ತಗಿತ್ತು, ನಡುಗಲಿಲ್ಲ. "ಹಿಮ ಒದ್ದೆಯಾಗ್ತಿದೆ. ಇಷ್ಟೊಂದು ಜನಾನ ಕಾಯಿಸೋದು ಬೇಡ. ನನಗೋಸ್ಕರ ಒಂದು ಮಾತು ಕೇಳು. ಮೊದಲನೇ ಗೆರೆ ನೀನು ಎಳೀ."

ಬದುಕೆಲ್ಲ ಎರಡನೆಯ ಗೆರೆ ಎಳೆದ ಮನುಷ್ಯನ ಮುಖವನ್ನು ಊರೆಲ್ಲ ನೋಡಿತು. ನಾನು ನೋಡಲಿಲ್ಲ, ಕೇಳಿದೆ. ಬೀಜ ಕಡಿಯುವ ಸದ್ದು ನಿಂತಿತು. ಆಮೇಲೆ ಕ್ಲಿಕ್ ಅಂತ ಒಂದು ಸ್ಕೀ ಕಳಚಿತು. ಇನ್ನೊಂದೂ ಕಳಚಿತು. ಮಶ್ ಶಾಬಾನ್ ಎರಡನ್ನೂ ಹಿಮಕ್ಕೆ ನೆಟ್ಟು, ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತು ಕಾಲು ಚಾಚಿದರು.

"ಸನೊಬರ್ ಖಾನುಮ್, ಲಿಫ್ಟ್ ಕೆಳಗೆ ಹೋಗ್ತಿದೆ, ಹತ್ತಿ. ಬರೋವಾಗ ಸೂಜಿ ದಾರದ ಜೊತೆ ಆ ಟೋಪಿ ಹಾಕಿದ ಕೆಟಲೂ ತನ್ನಿ, ಕಾಯೋ ಜನಕ್ಕೆ ಚಹಾ ಬೇಕು," ಅಂದರು. ಆಮೇಲೆ ಅಮುವಿನ ಕಡೆ ತಿರುಗಿದರು.

"ನಾನು ಎಳೆಯಲ್ಲ."