ಸ್ಟೇಡಿಯಂನಲ್ಲೊಂದು ಫರ್ಮಾಯಿಶ್ ಚೀಟಿ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ರಾಕ್ ಕನ್ಸರ್ಟಿನ ಕಥೆ ಅಂದಮೇಲೆ ಡ್ರಮ್ಮಿನಿಂದಲೇ ಶುರುವಾಗಬೇಕು ಅಂತ ಮೊದಲ ಡ್ರಾಫ್ಟ್ ಬರೆದೆ: "ಢಂ! ಮೆಲ್ಬರ್ನ್ ನಡುಗಿತು." ಓದಿ ನನಗೇ ನಾಚಿಕೆಯಾಯಿತು. ಮೆಲ್ಬರ್ನ್ ಎಲ್ಲಿ ನಡುಗಿತು? ಟ್ರಾಮುಗಳು ತಮ್ಮ ಪಾಡಿಗೆ ಓಡುತ್ತಿದ್ದವು. ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಕೂತು ಸ್ಪ್ರೆಡ್‌ಶೀಟ್ ನೋಡುವವನು ನಾನು. ಕನ್ಸರ್ಟ್ ನಡೆದ ಸ್ಟೇಡಿಯಂ ನನ್ನ ಕಿಟಕಿಗೆ ಕಾಣುತ್ತದೆ, ಒಳಗೆ ಕಾಲಿಟ್ಟಿಲ್ಲ. (ನೋಡದ ಕನ್ಸರ್ಟಿನ ಬಗ್ಗೆ ಬರೆಯುತ್ತಿದ್ದೇನೆ, ಹೌದು. ಮದುವೆಯಾಗದವರೂ ಸಂಸಾರದ ಬಗ್ಗೆ ಉಪದೇಶ ಮಾಡುತ್ತಾರಲ್ಲ, ಮೊದಲು ಅವರನ್ನು ಕೇಳಿ.)

೨

ಎರಡನೇ ಡ್ರಾಫ್ಟ್ ನಾಯಕಿಯಿಂದ. ಹೆಸರು ಮಹಾಶ್ವೇತಾ. ಊರು ಧಾರವಾಡ, ಮನೆ ಸಿಡ್ನಿಯ ಕೆಲ್ಲಿವಿಲ್‌ನಲ್ಲಿ, ಕೆಲಸ ನಾರ್ವೆಸ್ಟ್‌ನ ಒಂದು ಆಫೀಸಿನ ಪೇರೋಲ್ ವಿಭಾಗದಲ್ಲಿ. ವಯಸ್ಸು...

"ವಯಸ್ಸು ಯಾಕ ಬೇಕ್ರೀ ನಿಮಗ? ಹಾಡಿನ ಕಥಿ ಬರೀರಿ," ಅಂದರು ಮಹಾಶ್ವೇತಾ, ನಾನು ಫೋನಿನಲ್ಲಿ ಓದಿ ಹೇಳುತ್ತಿದ್ದುದನ್ನು ತಡೆದು.

ಸರಿ, ಹಾಡಿನ ಕಥೆ. ಕಾಲೇಜಿನಲ್ಲಿದ್ದಾಗ ಗೆಳತಿ ಮಾಧುರಿ ಅವರಿಗೊಂದು ಕ್ಯಾಸೆಟ್ ಕಾಪಿ ಮಾಡಿಕೊಟ್ಟಿದ್ದಳು. 'ಪೇಪರ್ ಮೇಯರ್ಸ್' ಅಂತ ಇಂಗ್ಲೆಂಡಿನ ಬ್ಯಾಂಡು. ಕೊನೆಯ ಹಾಡು 'ಸ್ಲೋ ಫೆರಿ'. ಅದು ಅರ್ಧಕ್ಕೆ ಬರುವಷ್ಟರಲ್ಲಿ ಟೇಪು ಮುಗಿದು ಟಕ್ ಅಂತ ನಿಲ್ಲುತ್ತಿತ್ತು. ಉಳಿದರ್ಧ ಕೇಳಿದರೆ ಬ್ಯಾಂಡಿನವರ ಬಾಯಿಂದಲೇ, ಎದುರಿಗೆ ನಿಂತೇ ಕೇಳುವುದು ಅಂತ ಆ ವಯಸ್ಸಿನ ಹುಡುಗಿ ಹಠ ಹಿಡಿದಳು. ಆಮೇಲೆ ಯೂಟ್ಯೂಬ್ ಬಂತು, ಸ್ಪಾಟಿಫೈ ಬಂತು, ಹಠ ಮಾತ್ರ ಹೋಗಲಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಆ ಹಾಡು ಬಂದರೆ ಟ್ರಾಲಿ ಅಲ್ಲೇ ಬಿಟ್ಟು ಕಾರ್ ಪಾರ್ಕಿಗೆ ಓಡುತ್ತಿದ್ದರಂತೆ.

"ಇದನ್ನ ಯಾರೂ ನಂಬಲ್ಲ ಮೇಡಂ. ಓದುಗರು ನಗ್ತಾರೆ," ಅಂದೆ.

"ನಗ್ಲಿ ಬಿಡ್ರಿ. ಶ್ರಾವಣ ಸೋಮವಾರ ಉಪವಾಸ ಮಾಡಿದ್ರ ಯಾರೂ ನಗೂದಿಲ್ಲ. ನಾ ಅರ್ಧಾ ಹಾಡಿನ ಉಪವಾಸ ಮಾಡೀನಿ."

೩

ಇದು ಬ್ಯಾಂಡಿನ ಕೊನೆಯ ಟೂರ್. ಇನ್ನು ಮುಂದೆ ಹಾಡುವುದಿಲ್ಲ ಅಂತ ಅವರೇ ಹೇಳಿಬಿಟ್ಟಿದ್ದಾರೆ. ಸಿಡ್ನಿಯ ಟಿಕೆಟ್ಟುಗಳು ಆನ್‌ಲೈನ್ ಕ್ಯೂನಲ್ಲಿ ಕಾಯುತ್ತಿರುವಾಗಲೇ ಖಾಲಿಯಾದವು. ಹಾಗಾಗಿ ಮೆಲ್ಬರ್ನ್. ಜೊತೆಗೆ ಯೂನಿವರ್ಸಿಟಿಯಲ್ಲಿ ಓದುವ ಮಗಳು ಸಾನ್ವಿ.

ಈ ಸಾನ್ವಿ ಅಮ್ಮನಿಗೆ ಹೇಳದ ಒಂದು ಸಂಗತಿಯನ್ನು ನನಗೆ ಹೇಳಿದಳು. ಸಿಡ್ನಿಯಲ್ಲಿ ಏನೇನು ಹಾಡಿದರು ಅಂತ ನೆಟ್‌ನಲ್ಲಿ ಆಗಲೇ ನೋಡಿದ್ದಳು. 'ಸ್ಲೋ ಫೆರಿ' ಇರಲಿಲ್ಲ. ಇಡೀ ಟೂರಿನಲ್ಲಿ ಎಲ್ಲೂ ಇರಲಿಲ್ಲ.

"ಐ ಕುಡಂಟ್ ಟೆಲ್ ಹರ್, ಅಂಕಲ್. ಶಿ ಐರನ್ಡ್ ದ ಟೀ-ಶರ್ಟ್. ಹೂ ಐರನ್ಸ್ ಎ ಬ್ಯಾಂಡ್ ಟೀ-ಶರ್ಟ್?"

(ಈಗ ನಿಮಗೂ ಗೊತ್ತಾಯಿತು. ದಯವಿಟ್ಟು ಬಾಯಿ ಬಿಡಬೇಡಿ.)

೫

(ನಾಲ್ಕನೆಯದನ್ನು ಹೊಡೆದು ಹಾಕಿದೆ. ಬರೀ ಉಪಮೆಗಳಿದ್ದವು. ಗುಡುಗು, ಸಮುದ್ರ, ಒಂದು ಆನೆಯೂ ಇತ್ತು.)

ಸ್ಟೇಡಿಯಂನ ದೀಪ ಆರಿ ಕನ್ಸರ್ಟ್ ಶುರುವಾದಾಗ ಹೇಗಾಯಿತು ಅಂತ ಮಹಾಶ್ವೇತಾ ಅವರನ್ನೇ ಕೇಳಿದೆ.

"ಆ ಹಾಡೂ ಮನಷ್ಯಾ ಖರೇನ ಅದಾನ ಅಂತ ಗೊತ್ತಾತ್ರಿ. ಟೇಪಿನಾಗಿನ ದನಿ ನೋಡ್ರಿ, ಅದಕ್ಕೊಂದು ಮುಖಾ ಇತ್ತು. ತಲಿ ಪೂರಾ ಬೆಳ್ಳಗ, ಟಾವೆಲ್ಲಿನಿಂದ ಬೆವರು ಒರಸ್ಕೊಂತ ನಿಂತಿದ್ದ. ಬಾಯಿ ತೆಗದಾ ನೋಡ್ರಿ, ಅದ ದನಿ! ಅಲ್ಲಿಂದ ಮುಂದ ನನ್ನ ಎದಿ ನಂದಲ್ಲ ಅನ್ನಿಸ್ತು."

ಇದಕ್ಕಿಂತ ಚೆನ್ನಾಗಿ ನಾನು ಬರೆಯಲಾರೆ. ಆನೆ ವಾಪಸ್ ಹೋಗಲಿ.

೬

ಹಾಡಿನ ಮೇಲೆ ಹಾಡು ಬಂತು. ಅದೊಂದು ಬರಲಿಲ್ಲ. ಆಗ ಮಹಾಶ್ವೇತಾ ಪರ್ಸಿನಿಂದ ಒಂದು ಚೀಟಿ ತೆಗೆದರು.

ಧಾರವಾಡದ ಸಂಗೀತ ಬೈಠಕ್ಕಿನಲ್ಲಿ ಕೂತವರಿಗೆ ಇದು ಗೊತ್ತು. ಬೇಕಾದ ರಾಗವನ್ನೋ ವಚನವನ್ನೋ ಚೀಟಿಯಲ್ಲಿ ಬರೆದು ಮುಂದಿನವರಿಗೆ ಕೊಡುತ್ತಾರೆ. ಅದು ಕೈಯಿಂದ ಕೈಗೆ ಸಾಗಿ ಹಾರ್ಮೋನಿಯಂನವರನ್ನು ಮುಟ್ಟುತ್ತದೆ. ಅವರು ಹಾಡುವವರ ಕಿವಿಯಲ್ಲಿ ಹೇಳುತ್ತಾರೆ. ಇದೇ ಫರ್ಮಾಯಿಶ್. ಅಲ್ಲಿ ಇರುವವರು ನೂರು ಜನ. ಇಲ್ಲಿ ಐವತ್ತು ಸಾವಿರ.

ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: 'ರೆಸ್ಪೆಕ್ಟೆಡ್ ಸರ್ಸ್, ಕೈಂಡ್ಲಿ ಸಿಂಗ್ ಸ್ಲೋ ಫೆರಿ, ಇನ್ ಫುಲ್. ಯುವರ್ಸ್ ಫೇತ್‌ಫುಲಿ, ಎ ಲಿಸನರ್ ಫ್ರಂ ಧಾರವಾಡ.'

"ಅಮ್ಮಾ, ನೋ! ಪ್ಲೀಸ್! ಇಟ್ಸ್ ಎ ಸ್ಟೇಡಿಯಂ!"

"ಸ್ಟೇಡಿಯಂ ಆದ್ರೇನವಾ? ಹಾಡವ್ರು ಹಾಡವ್ರ."

ಮುಂದೆ ನಿಂತಿದ್ದ, ಕುತ್ತಿಗೆವರೆಗೂ ಟ್ಯಾಟೂ ಇದ್ದ ಆಸಾಮಿ ಚೀಟಿ ಓದಿದ. ಮಹಾಶ್ವೇತಾ ಅವರ ಮುಖ ನೋಡಿದ. "ನೋ ವರೀಸ್, ಲವ್" ಅಂದು ತನ್ನ ಮುಂದಿನವಳ ಭುಜ ತಟ್ಟಿದ. ಅವಳು ಓದಿ ಮುಂದಕ್ಕೆ ಕೊಟ್ಟಳು. ಆ ಬಿಳಿ ಚೂರು ತಲೆಗಳ ಮೇಲೆ, ಬೆರಳಿಂದ ಬೆರಳಿಗೆ ಸ್ಟೇಜಿನ ಕಡೆ ಹೋಗುತ್ತಿತ್ತು. ಯಾರೂ ನಗಲಿಲ್ಲ, ಯಾರೂ ಕೆಳಗೆ ಬಿಸಾಡಲಿಲ್ಲ. ಆಮೇಲೆ ಅದು ಕಾಣಲಿಲ್ಲ.

೭ (ಅ)

ಹಾಡುಗಾರ ಚೀಟಿ ಓದಿ ಮೈಕಿನಲ್ಲಿ ಕೇಳುತ್ತಾನೆ: "ಯಾರಿದು ಧಾರವಾಡದವರು?"

"ಸುಳ್ಳ. ಸಿನಿಮಾ ಮಾಡಬ್ಯಾಡ್ರಿ."

೭ (ಆ)

ಹಾಡುವುದೇ ಇಲ್ಲ. ವಾಪಸ್ ಬರುವಾಗ ಟ್ರಾಮಿನಲ್ಲಿ ಸಾನ್ವಿ ತನ್ನ ಇಯರ್‌ಫೋನನ್ನು ಅಮ್ಮನ ಕಿವಿಗಿಟ್ಟು ಉಳಿದರ್ಧ ಕೇಳಿಸುತ್ತಾಳೆ. ಇಬ್ಬರೂ ಅಳುತ್ತಾರೆ. (ಸಾಹಿತ್ಯ ಸ್ಪರ್ಧೆಗೆ ಕಳಿಸಿದರೆ ಸಮಾಧಾನಕರ ಬಹುಮಾನ ಗ್ಯಾರಂಟಿ.)

"ಮಗಳ ಕೈಲೆ ನನ್ನ ಹಠಾ ಮುರಸ್ತೀರೇನ್ರಿ? ಅಳಿಸ್ರಿ ಅದನ್ನ."

ಅಳಿಸಿದೆ.

೮

ಆದದ್ದು ಇಷ್ಟು. ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಹಾಡುಗಾರ ಒಬ್ಬನೇ ಗಿಟಾರ್ ಹಿಡಿದು ವಾಪಸ್ ಬಂದ. ಮೊದಲ ಸ್ವರಕ್ಕೇ ಸಾನ್ವಿ ಅಮ್ಮನ ತೋಳು ಹಿಡಿದುಕೊಂಡಳು. 'ಸ್ಲೋ ಫೆರಿ'! ಚೀಟಿ ಮುಟ್ಟಿತ್ತೋ, ಅವನಿಗೇ ಮನಸ್ಸಾಯಿತೋ, ನನಗೆ ಗೊತ್ತಿಲ್ಲ. ಕಥೆ ಬರೆಯುವವನಿಗೆ ಎಲ್ಲ ಗೊತ್ತಿರುತ್ತದೆ ಅಂತ ನಿಮಗೆ ಯಾರು ಹೇಳಿದ್ದು?

ಮೊದಲರ್ಧವನ್ನು ಮಹಾಶ್ವೇತಾ ಅಕ್ಷರ ಬಿಡದೆ ಹಾಡಿದರು. ಧಾರವಾಡದ ಟೇಪು ನಿಲ್ಲುತ್ತಿದ್ದ ಜಾಗ ಬಂತು. ಹಾಡುಗಾರ ಹಾಡು ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಮೈಕನ್ನು ಜನರ ಕಡೆ ತಿರುಗಿಸಿದ.

ಉಳಿದರ್ಧ ಜನ ಹಾಡಿದರು. ಐವತ್ತು ಸಾವಿರ ಜನ.

"ಎಲ್ಲಾರಿಗೂ ಬರ್ತಿತ್ರಿ. ಆ ಟ್ಯಾಟೂದಾಂವ ಕಣ್ಣು ಮುಚ್ಚಿ ಹಾಡ್ಲಿಕ್ಕತ್ತಿದ್ದ. ಅಷ್ಟೂ ಮಂದ್ಯಾಗ ಬಾಯಿ ಮುಚ್ಚಿದಾಕಿ ನಾ ಒಬ್ಬಾಕೇನ. ನನಗ ಕೇಳಸ್ಲಿಕ್ಕನ ಅವ್ರೆಲ್ಲಾ ಬಂದಾರೇನೋ ಅನ್ನಿಸ್ತು. ಆಮ್ಯಾಲೆ ಬಾಜೂಕ ತಿರುಗಿ ನೋಡಿದ್ನಿ."

"ಏನು ನೋಡಿದ್ರಿ?"

"ಸಾನ್ವಿ ಹಾಡ್ಲಿಕ್ಕತ್ತಿದ್ಲು. ಪೂರಾ ಬರ್ತಿತ್ರಿ ಅಕಿಗೆ. ಅದ ಮನ್ಯಾಗ, ಬಾಗ್ಲಾ ಹಾಕ್ಕೊಂಡು, ಇಯರ್‌ಫೋನ್ ಹಾಕ್ಕೊಂಡು ಕಲ್ತಾಳ. ಇಷ್ಟು ವರ್ಷ ನನ್ನ ಕಿವಿಗೆ ಒಂದು ಸಾಲು ಬೀಳಗೊಟ್ಟಿಲ್ಲ ನನ್ನ ಕೂಸು."

೯

ಉಳಿದರ್ಧದಲ್ಲಿ ಏನಿತ್ತು ಅಂತ ಕೇಳಿದೆ. ಹೇಳಲಿಲ್ಲ. ಒಂದೇ ಸಾಲು ಸಾಕು, ಕಥೆಗೊಂದು ಮುಕ್ತಾಯ ಬೇಕಲ್ಲ ಅಂತ ಗೋಗರೆದೆ.

"ಮುಕ್ತಾಯ ಯಾಕ್ರೀ? ನನ್ನ ಕಿವ್ಯಾಗ ಮಂದಿ ಇನ್ನೂ ಹಾಡ್ಲಿಕ್ಕತ್ತಾರ," ಅಂದರು ಮಹಾಶ್ವೇತಾ. "ಸುಮ್ನಿರ್ರಿ ಸ್ವಲ್ಪ."