ಬುದ್ರಾ ಅಜ್ಜನ ಒಳ್ಳೆ ಮಾತು

ಒಡಿಶಾದ ಕೊರಾಪುಟ್ ಗುಡ್ಡದ ಮೇಲಿನ ಆ ಆಸ್ಪತ್ರೆ ಡಾಕ್ಟರ ಮುಖ ಕಂಡು ಎರಡು ಮಳೆಗಾಲ ಕಳೆದಿತ್ತು. ಹೆರಿಗೆಗೂ ಹಾವು ಕಡಿತಕ್ಕೂ ನರ್ಸ್ ಕುಂತಲಾ ಒಬ್ಬಳೇ ದಿಕ್ಕು. ಹೋದ ಚೈತ್ರದಲ್ಲಿ ಬುದ್ರಾ ಅಜ್ಜನ ಹಿರಿಸೊಸೆ ಹೆತ್ತ ಮೇಲೆ ರಕ್ತ ನಿಲ್ಲದೆ ಕುಂತಲಾಳ ಕೈಯಲ್ಲೇ ಸತ್ತಳು. ಕರೆದ ಆಂಬುಲೆನ್ಸ್ ಗಾಡಿ ಘಾಟಿ ಹತ್ತಲೇ ಇಲ್ಲ. ಈಗ ಕಿರಿಸೊಸೆ ಗುರುಬಾರಿ ಬಸುರಿ.

ಅಷ್ಟರಲ್ಲಿ ಆಸ್ಪತ್ರೆಗಳಿಗೆ ಅಂಕ ಹಾಕುವವರು ಭುವನೇಶ್ವರದಿಂದ ಬರುತ್ತಾರೆಂಬ ಸುದ್ದಿ ಬಂತು. ಕೊರತೆ ಕಂಡಲ್ಲಿಗೆ ಡಾಕ್ಟರನ್ನೂ ಗಾಡಿಯನ್ನೂ ಕೊಡುತ್ತಾರಂತೆ. ಕುಂತಲಾ ಅಜ್ಜನ ಜಗಲಿಗೆ ಓಡಿದಳು.

“ಅಜ್ಜಾ, ಇದ್ದದ್ದು ಇದ್ದ ಹಾಗೇ ಹೇಳ್ಬೇಕು. ಡಾಕ್ಟ್ರಿಲ್ಲ, ಗಾಡಿ ಬರಲ್ಲ, ಸೊಸೆ ಹೋದಳು ಅಂತ. ನನ್ನ ಮುಖ ನೋಡ್ಬೇಡ.”

“ಹೇಳ್ತೀನಿ ಬಿಡು ಮಗಳೇ. ನಾನೇನು ಮೂಗನಾ?”

ಬಂದವರು ಅಜ್ಜನನ್ನು ಬೆಂಚಿನ ಮೇಲೆ ಕೂರಿಸಿಕೊಂಡು, “ಇಲ್ಲೇನಾದ್ರೂ ಕೊರತೆ ಉಂಟಾ?” ಎಂದು ಕೇಳಿದರು.

ಅಜ್ಜ ಕುಂತಲಾಳನ್ನು ನೋಡಿದ. ಯಾರ ಕೈಯ ಅಂಬಲಿ ಕುಡಿದೆಯೋ ಅವರ ಮನೆಯ ಹುಳುಕನ್ನು ಪರರ ಮುಂದೆ ಆಡಬಾರದು. ಅದು ಆ ಗುಡ್ಡದವರ ಕಟ್ಟಳೆ. ಸೊಸೆ ಸತ್ತ ದಿನ ಅವನಿಗೆ ಅಂಬಲಿ ಕುಡಿಸಿದ್ದವಳು ಇವಳೇ.

“ಕೊರತೆನಾ? ನಮ್ಮ ದೀದಿ ಇರೋವಾಗ ಕೊರತೆ ಎಲ್ಲಿಂದ ಬಾಬೂ? ಡಾಕ್ಟ್ರು ಬಂದು ಇನ್ನೇನು ಕಡಿದು ಕಟ್ಟೆ ಹಾಕ್ತಾರೆ?”

“ಸಾರ್, ಇವರ ಸೊಸೆನೇ ಇಲ್ಲಿ...” ಎಂದು ಕುಂತಲಾ ಬಾಯಿ ಹಾಕಿದಳು.

“ನೀವು ಸುಮ್ನಿರಿ ಸಿಸ್ಟರ್. ನಮಗೆ ಜನರ ಮಾತು ಮುಖ್ಯ.”

“ಅದು ಅವಳ ಹಣೆಬರಹ ಬಾಬೂ,” ಎಂದ ಅಜ್ಜ. “ದೀದಿ ಪಾಪ, ಕೈಲಾದಷ್ಟು ಬಡಿದಾಡಿದ್ಳು.”

ಎಲ್ಲವನ್ನೂ ಹಣೆಬರಹದ ಮೇಲೆ ಹಾಕಿದರೆ ಯಾವ ಸರಕಾರ ತಾನೇ ಬೇಡ ಅಂದೀತು? ಆಷಾಢದಲ್ಲಿ ಆಸ್ಪತ್ರೆಗೆ ‘ಉತ್ತಮ’ ಎಂಬ ಫಲಕ ಬಂತು. ಡಾಕ್ಟರೂ ಗಾಡಿಯೂ ಬಯಲಿನ ಇನ್ನೊಂದು ಆಸ್ಪತ್ರೆಯ ಪಾಲಾದವು. ಕುಂತಲಾಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು.

ಮರುದಿನ ಅಜ್ಜ ಕಂಕುಳಲ್ಲಿ ಕೋಳಿ ಹಿಡಿದುಕೊಂಡು ಬಂದ.

“ತಗೋ. ಅಂಕ ಹಾಕೋರು ನಿನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿದ್ದಾರೆ ಅಂತ ಊರೆಲ್ಲ ಹೇಳ್ತು. ನಾನು ಬಿಡ್ತೀನಾ? ಉಳಿಸ್ಕೊಂಡೆ ನೋಡು ನಿನ್ನ.”

ಕುಂತಲಾ ಬೈಯಬೇಕೆಂದು ಬಾಯಿ ತೆರೆದಳು. ಆ ಮುಖ ನೋಡಿ ಕೋಳಿಯನ್ನು ಇಸಿದುಕೊಂಡು ಬುಟ್ಟಿಯಡಿ ಮುಚ್ಚಿದಳು. ಅವನ ಹಿಂದೆ ಗುರುಬಾರಿ ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು.

“ತಲೆ ಸಿಡೀತದೆ ದೀದಿ. ಕಣ್ಣು ಮಂಜು ಮಂಜು.”

“ಇವಳನ್ನೂ ನಿನ್ನ ಕೈಗೇ ಹಾಕ್ತಿದೀನಿ ಮಗಳೇ,” ಎಂದ ಅಜ್ಜ, ನಿಶ್ಚಿಂತೆಯಿಂದ.

ಹೊರಗೆ ಘಾಟಿಯ ಮೇಲೆ ಮಳೆ ಹಿಡಿದಿತ್ತು. ಬಸುರಿಯ ರಕ್ತದೊತ್ತಡ ಜೀವಕ್ಕೆ ಕುತ್ತಾಗುವಷ್ಟು ಏರಿದಾಗ ಹೀಗೇ ಶುರುವಾಗುತ್ತದೆ. ಕುಂತಲಾ ಕುಕ್ಕರುಗಾಲಲ್ಲಿ ಕೂತು ಗುರುಬಾರಿಯ ಊದಿದ ಕಾಲನ್ನು ಹೆಬ್ಬೆರಳಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಗುಂಡಿ ಹಾಗೇ ಉಳಿಯಿತು.