ಹಗೇವಿನಲ್ಲಿಟ್ಟ ಸ್ಪೀಕರು

ದೊಡ್ಡಪ್ಪ ಚಿಕ್ಕಮಾರಯ್ಯ ಸೋಮವಾರ ಸತ್ತ. ಬರುವ ಭಾನುವಾರ ಮಧ್ಯಾಹ್ನ ಮೂರಕ್ಕೆ ಚನ್ನಕೇಶವ ಮಲ್ಲೇಶ್ವರದಲ್ಲಿ ಗಿಟಾರ್ ನುಡಿಸಿ ತೋರಿಸಬೇಕಿತ್ತು. ಮುದುಕ ಇನ್ನೊಂದು ವಾರ ತಡೆದಿದ್ದರೆ ಏನಾಗುತ್ತಿತ್ತು ಎಂದು ಹೆಣದ ಮುಂದೆ ಕೂತಾಗಲೇ ಅವನಿಗೆ ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದವನು, ತಲೆ ಬೋಳಿಸಿಕೊಂಡವನು, ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕಿದವನು ತಮ್ಮನ ಮಗ ಚನ್ನಕೇಶವನೇ. ಯಲಹಂಕದ ಹಳೇ ಊರಿನ ಆ ಮನೆ ಪಾಲಾದಾಗ ನಡುವೆ ಒಂದು ಗೋಡೆ ಎದ್ದಿತ್ತು. ಆಚೆ ದೊಡ್ಡಮ್ಮ ಬೈರಮ್ಮ, ಈಚೆ ಚನ್ನಕೇಶವ ಮತ್ತು ಅವನ ತಾಯಿ ಅಂಜಿನಮ್ಮ. ಈಚೆ ಸೌಟು ಬಿದ್ದರೆ ಆಚೆ ಕೇಳುತ್ತಿತ್ತು.

"ಅನ್ನೊಂದ್ ದಿನ ಆ ಪೆಟ್ಟಿಗೆ ಮುಟ್ಟಬ್ಯಾಡ," ಎಂದಳು ಅಂಜಿನಮ್ಮ. "ಮಡಕೆ ಇಡಿದೋನು ನೀನೇ. ಸೂತಕದಾಗೆ ನೀನೇ ಬಾರಿಸ್ಕಂಡು ಕುಂತ್ರೆ ಜನ ಉಗೀತಾರೆ."

ಪೆಟ್ಟಿಗೆ ಎಂದರೆ ಆಂಪ್ಲಿಫೈಯರು. ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವ ರಹಮತುಲ್ಲಾ ತನ್ನ ಹಳೆಯದೊಂದನ್ನು, ಅದರ ಸ್ಪೀಕರ್ ಸಮೇತ, ಗೆಳೆತನಕ್ಕೆ ಕೊಟ್ಟಿದ್ದ. ಗಿಟಾರು ಚನ್ನಕೇಶವನದೇ, ತೊಡೆಯ ಮೇಲೆ ಮಲಗಿಸಿಕೊಂಡು ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವಂಥದು. ಐದು ವರ್ಷದಿಂದ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಮೂಟೆಗಳ ಲೆಕ್ಕ ಬರೆಯುತ್ತಿದ್ದವನಿಗೆ ಅಲ್ಲಿಂದ ಹೊರಬರಲು ಬೇರೆ ದಾರಿ ತಿಳಿದಿರಲಿಲ್ಲ.

ಮಲ್ಲೇಶ್ವರದಲ್ಲಿ ಆರ್ಕೆಸ್ಟ್ರಾ ನಡೆಸುವ ವೆಂಕಟೇಶಪ್ಪ ಹಿಂದಿನ ತಿಂಗಳು ಅವನ ಕೈ ನೋಡಿ ಹೇಳಿದ್ದ: "ಬೆರಳು ಓಡುತ್ತೆ ಕಣಯ್ಯ. ದನಿ ನಿಲ್ತಿಲ್ಲ. ತಗಡು ಬಡಿದಂಗಿದೆ. ಇನ್ನೊಂದ್ಸಲ ಬಾ. ಆಗ್ಲೂ ನಿಲ್ಲದಿದ್ರೆ ತುಮಕೂರಿನ ಹುಡುಗನ್ನ ತಗೋತೀನಿ."

ದನಿ ನಿಲ್ಲದಿರಲು ಕಾರಣ ಚನ್ನಕೇಶವನಿಗೆ ಗೊತ್ತಿತ್ತು. ದೊಡ್ಡಪ್ಪ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಪೆಟ್ಟಿಗೆಯ ಸದ್ದಿನ ಗುಂಡಿಯನ್ನು ಒಂದಕ್ಕಿಂತ ಹೆಚ್ಚಿಗೆ ತಿರುಗಿಸಿದರೆ ಗೋಡೆಯ ಆಚೆಯಿಂದ ಕೋಲಿನಲ್ಲಿ ಕುಟ್ಟುತ್ತಿದ್ದರು.

ಗುರುವಾರ ಹಾಲು ತುಪ್ಪ ಬಿಟ್ಟು ಬಂದ ಮೇಲೆ ರಹಮತುಲ್ಲಾ ಮಾತಾಡಿಸಿಕೊಂಡು ಹೋಗಲು ಬಂದ. ಜಗಲಿಯಲ್ಲಿ ಕೂತು ದೊಡ್ಡಪ್ಪನ ಬಗ್ಗೆ ಎರಡು ಮಾತಾಡಿದ. ಆಮೇಲೆ ದನಿ ತಗ್ಗಿಸಿದ.

"ಭಾನ್ವಾರ ಮೂರ್ ಗಂಟೇದು ಏನ್ ಮಾಡ್ತೀಯ?"

"ಸ್ಪೀಕರಿಗೆ ಕೌದಿ ಹೊದಿಸಿ ನೋಡ್ದೆ, ಮೂಗು ಹಿಡ್ಕೊಂಡು ಹಾಡಿದಂಗಾಯ್ತು. ಕರೆಂಟ್ ಒಲೆಯ ಕಾಯಿಲ್ ತಂದು ಸ್ಪೀಕರ್ ತಂತಿಗೆ ಸೇರಿಸ್ದೆ, ಸದ್ದು ಇಳೀತು. ಜೀವಾನೂ ಇಳೀತು."

"ಇಳಿಯುತ್ತೆ. ಪೆಟ್ಟಿಗೆ ಒಳಗಿನ ವಾಲ್ವ್‌ಗೆ ಕಷ್ಟ ಕೊಡ್ಬೇಕು ಮಗಾ, ಫುಲ್ ಇಡ್ಬೇಕು, ಆಗ ಹಾಡುತ್ತೆ. ಆದ್ರೆ ಫುಲ್ ಇಟ್ರೆ ನಿನ್ ಉಸಿರು ತಾಕಿದ್ರೂ ಕಿರುಚುತ್ತೆ. ಅದಕ್ಕೆ ಕೈ ಪಳಗಬೇಕು. ಸ್ಪೀಕರ್ ತಂತಿ ಮಾತ್ರ ಕಳಚಬೇಡ, ಮಷಿನ್ ಸುಟ್ಟೋಗುತ್ತೆ."

"ಸ್ಪೀಕರ್ ಎಲ್ಲಿ ಮಡಗ್ಲಿ? ನಿನ್ ತಲೆ ಮೇಲಾ?"

"ಊರಾಚೆ ಮಡಗು. ಇಲ್ಲಾಂದ್ರೆ ನೆಲದೊಳಗೆ," ಎಂದು ರಹಮತುಲ್ಲಾ ನಕ್ಕ.

ಚನ್ನಕೇಶವ ನಗಲಿಲ್ಲ. ಹಿತ್ತಿಲಿನಲ್ಲಿ ಹಗೇವು ಇತ್ತು. ತಾತನ ಕಾಲದಲ್ಲಿ ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ, ಎರಡಾಳು ಆಳ. ರೇಷನ್ ಗೋಧಿ ತಿನ್ನುವ ಮನೆಗೆ ಅದರಿಂದ ಕೆಲಸವಿರಲಿಲ್ಲ. ಪಾಲಿನಲ್ಲೂ ಅದು ಯಾರಿಗೂ ಸೇರದೆ ಉಳಿದಿತ್ತು.

ಶುಕ್ರವಾರ ಮಧ್ಯಾಹ್ನ ನೆಂಟರು ಕೆಲಸಕ್ಕೆ ಹೋಗಿದ್ದರು. ಅಂಜಿನಮ್ಮ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದಳು. ಅವನು ಚಪ್ಪಡಿ ಸರಿಸಿ, ಸ್ಪೀಕರಿಗೆ ಬಾವಿ ಹಗ್ಗ ಕಟ್ಟಿ ಕತ್ತಲೆಯೊಳಕ್ಕೆ ಇಳಿಬಿಟ್ಟ. ಹಗ್ಗವನ್ನೂ ಒಳಗೇ ಬಿಟ್ಟು, ಚಪ್ಪಡಿ ಮುಚ್ಚಿ ಮೇಲೆ ಗೋಣಿ ಹಾಸಿದ. ಸ್ಪೀಕರಿನ ತಂತಿಯನ್ನು ಬಾಯಿಯ ಅಂಚಿನಿಂದಲೇ ಮಣ್ಣಿನಡಿ ಹುದುಗಿಸಿ ಕಿಟಕಿಯಿಂದ ಒಳಗೆ ತಂದ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಒಂದು ತಂತಿ ಮೀಟಿದ.

ಗಾಳಿಯಲ್ಲಿ ಏನೂ ಇರಲಿಲ್ಲ. ಕೂತ ನೆಲದಿಂದ, ಕಾಲಿನ ಮೂಳೆಯಿಂದ ದನಿ ಎದ್ದಿತು. ಎದ್ದದ್ದು ನಿಂತಿತು. ಉಕ್ಕಿನ ತುಂಡನ್ನು ಅಲುಗಿಸಿದರೆ ಅಲುಗಿತು, ಬಿಟ್ಟರೂ ಸಾಯಲಿಲ್ಲ. ಒಂದು ಗಂಟೆ ನುಡಿಸಿದ. ಶನಿವಾರ ಎರಡು ಗಂಟೆ. ಬೇರೆ ತಂತಿಗಳನ್ನು ಅಂಗೈಯಿಂದ ಅದುಮಿ ಕಿರುಚದಂತೆ ಹಿಡಿಯುವುದು ಕೈಗೆ ಬಂತು. ತುಮಕೂರಿನ ಹುಡುಗನ ಮುಖ ಹೇಗಿದ್ದೀತು ಎಂದುಕೊಂಡು ಒಬ್ಬನೇ ನಕ್ಕ.

ಹಗೇವಿನ ಹೊಟ್ಟೆ ನಡುಗೋಡೆಯ ಕೆಳಗೆ ಹಾದು ದೊಡ್ಡಮ್ಮ ಚಾಪೆ ಹಾಸಿದ್ದ ಜಾಗದವರೆಗೂ ಇತ್ತೆಂಬುದು ಅವನಿಗೆ ಹೊಳೆದಿರಲಿಲ್ಲ.

ಶನಿವಾರ ಸಂಜೆ ಹಿತ್ತಿಲಿನಲ್ಲಿ ಹತ್ತು ಜನ ಸೇರಿದರು. ನಡುವೆ ದೊಡ್ಡಪ್ಪನ ದಾಯಾದಿ ಹನುಮಯ್ಯ, ಕುಲದ ಹಿರಿಯ.

"ಎಲ್ಡು ದಿನದಿಂದ ನೆಲದಾಗೆ ಕೂಗ್ತಾ ಐತಂತೆ," ಎಂದ ಹನುಮಯ್ಯ. "ನಮ್ ಸೊಸೇನೂ ಕೇಳವ್ಳೆ. ದೀಪ ತತ್ತರ್ರೋ."

ಹಗೇವಿನ ಚಪ್ಪಡಿ ಸರಿಸಿ ಲಾಂದ್ರವನ್ನು ಹಗ್ಗಕ್ಕೆ ಕಟ್ಟಿ ಇಳಿಸಿದರು. ಆಳುದ್ದ ಇಳಿಯುವ ಮೊದಲೇ ಅದು ಆರಿತು. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆ. ರಾಗಿ ತೆಗೆಯುವ ಮುನ್ನ ದೀಪ ಇಳಿಸಿ ನೋಡುವುದು ಅದಕ್ಕೇ. ಅಲ್ಲಿದ್ದ ಹತ್ತೂ ಜನ ಹುಡುಗರಾಗಿದ್ದಾಗ ಈ ಕೆಲಸ ಮಾಡಿದವರೇ. ಆದರೂ ಅವತ್ತು ಅದು ಒಬ್ಬರಿಗೂ ನೆನಪಾಗಲಿಲ್ಲ.

"ಚಿಕ್ಕಮಾರಯ್ಯನ್ ಜೀವ ಇನ್ನೂ ಓಗಿಲ್ಲ," ಎಂದ ಹನುಮಯ್ಯ. "ಮಣ್ಣಾಕಿ ಮುಚ್ಚಬೇಕು. ನಾಳೆ ಎಲ್ಡೂವರೆಗೆ, ರಾವುಕಾಲಕ್ಕೆ ಮುಂಚೆ. ಅಲ್ಲೀತಂಕ ಯಾರೂ ಇದರ ತಾವ ಸುಳೀಬಾರ್ದು." ಇಬ್ಬರು ಅಲ್ಲೇ ಕಾವಲಿಗೆ ಕೂತರು.

ಒಳಗೆ ಅಂಜಿನಮ್ಮ ಕಿಟಕಿಯ ತಂತಿಯನ್ನು ನೋಡಿದಳು, ಮಗನನ್ನು ನೋಡಿದಳು.

"ಯೋಳ್ತೀಯೇನೋ?"

"ಏನಂತ? ದೊಡ್ಡಪ್ಪನ ಸೂತಕದಲ್ಲಿ ಸಿನಿಮಾ ಹಾಡು ನುಡಿಸ್ತಿದ್ದೆ ಅಂತಲಾ?"

ಅವಳು ಚಾಕು ತಂದು ತಂತಿಯನ್ನು ಗೋಡೆಯ ಹತ್ತಿರಕ್ಕೆ ಕೊಯ್ದಳು.

ಭಾನುವಾರ ಎರಡೂವರೆಗೆ ಮಣ್ಣಿನ ಗುಡ್ಡೆ ಸಿದ್ಧವಾಗಿತ್ತು. ಮಡಕೆ ಹಿಡಿದವನೇ ಮೊದಲ ಮಂಕರಿ ಸುರಿಯಬೇಕು ಎಂದರು. ಚನ್ನಕೇಶವ ಮಂಕರಿ ಎತ್ತಿಕೊಂಡ. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಹತ್ತು ಮುಖಗಳನ್ನು ನೋಡಿದ. ಮಂಕರಿಯನ್ನು ಹಗೇವಿನ ಬಾಯಿಗೆ ತಂದ.

ಅಷ್ಟರಲ್ಲಿ ಬೈರಮ್ಮ ಗೋಡೆ ಹಿಡಿದುಕೊಂಡು ಈಚೆಗೆ ಬಂದಳು. "ಮುಚ್ಚಬ್ಯಾಡ್ರಪ್ಪಾ," ಎಂದಳು.

"ಒಳಕ್ಕೆ ಓಗಮ್ಮ," ಎಂದ ಹನುಮಯ್ಯ.

"ಕೂಗಲ್ಲ ಕಣ್ರೋ ಅದು. ಅಳೂನೂ ಅಲ್ಲ. ನೆಲಕ್ಕೆ ಕಿವಿ ಮಡಗಿ ಕೇಳಿವ್ನಿ. ಒಂದ್ ಕಿತ ಎತ್ತಿದ್ರೆ ಎಷ್ಟೊತ್ತು ನಿಲ್ತಿತ್ತು ಆ ದನಿ! ಅವರು ಬದುಕಿದ್ದಾಗ ನನ್ ತಾವ ಅಷ್ಟು ಚೆಂದಾಗಿ ಒಂದ್ ಮಾತಾಡಿದೋರಲ್ಲ."

ಯಾರೋ ನಕ್ಕು ಕೆಮ್ಮಿದಂತೆ ಮಾಡಿದರು.

"ಸುರಿಯೋ, ಒತ್ತಾಯ್ತು," ಎಂದ ಹನುಮಯ್ಯ.

ಚನ್ನಕೇಶವ ಸುರಿದ. ಒಳಗೆ ಮರದ ಪೆಟ್ಟಿಗೆಯ ಮೇಲೆ ಹೆಂಟೆ ಬಿದ್ದ ಟೊಳ್ಳು ಸದ್ದು ಅವನಿಗೆ ಕೇಳಿತು. ಉಳಿದವರೂ ಮಂಕರಿ ಎತ್ತಿದರು. ಹಗೇವು ದೊಡ್ಡದು; ತುಂಬುವಷ್ಟರಲ್ಲಿ ನಾಲ್ಕು ಗಂಟೆ ದಾಟಿತು.